ಗಾಂಜಾಕ್ಕೆ ಪರವಾನಗಿ ಸಿಕ್ಕಿತು, ಗುಂಡಿನ ಸದ್ದು ನಿಲ್ಲಲಿಲ್ಲ

ಮೆಕ್ಸಿಕೊದ ಸಿನಲೋವಾ ರಾಜ್ಯದ ಬೆಟ್ಟಗಳಲ್ಲಿ ಮೆಕ್ಕೆಜೋಳ ಹೊಟ್ಟೆಪಾಡಿನ ಬೆಳೆ, ಗಾಂಜಾ ಕೈಗೆ ಕಾಸು ತರುವ ಬೆಳೆ. ಬಹುಕಾಲ ಇದೇ ಅಲ್ಲಿನ ಬಡ ರೈತರ ಲೆಕ್ಕಾಚಾರವಾಗಿತ್ತು. ಕೊಳ್ಳುವವರು ಗಡಿಯಾಚೆ ಅಮೆರಿಕದಲ್ಲಿದ್ದರು. ನಡುವೆ ನಿಂತು ಲಾಭ ಎಣಿಸಿದವರು ಕಾರ್ಟೆಲ್ ಎಂದು ಹೆಸರಾದ ಕಳ್ಳಸಾಗಣೆ ಕೂಟಗಳವರು.

ಈ ಕೂಟಗಳನ್ನು ಬಗ್ಗುಬಡಿಯಲು ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ 2006ರ ಡಿಸೆಂಬರಿನಲ್ಲಿ ಸೇನೆಯನ್ನೇ ಕಳುಹಿಸಿದರು. ನಾಯಕರು ಸೆರೆ ಸಿಕ್ಕಂತೆಲ್ಲ ಕೂಟಗಳು ಒಡೆದವು. ಒಡೆದ ಬಣಗಳು ತಮ್ಮತಮ್ಮಲ್ಲೇ ಬಡಿದಾಡಿದವು. ಬಂದೂಕಿನಿಂದ ಆಗದ್ದನ್ನು ಪರವಾನಗಿ ಅಂಗಡಿಯಿಂದ ಸಾಧಿಸಬಹುದಲ್ಲ ಎಂಬ ವಾದ ಬಲಗೊಂಡದ್ದು ಆಗ. 1933ರಲ್ಲಿ ಅಮೆರಿಕದ ಪಾನನಿಷೇಧ ರದ್ದಾಗಿ ಕಳ್ಳ ಮದ್ಯದ ದೊರೆಗಳು ಗಿರಾಕಿ ಕಳೆದುಕೊಂಡ ಉದಾಹರಣೆ ಹೇಗೂ ಇತ್ತು. ಆ ದೊರೆಗಳಲ್ಲಿ ಹಲವರು ಜೂಜು, ಸುಲಿಗೆಗಳಿಗೆ ತಿರುಗಿದ್ದನ್ನು ಮಾತ್ರ ಹೆಚ್ಚು ಜನ ನೆನೆಯಲಿಲ್ಲ.

ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು 2012ರಲ್ಲಿ ಗಾಂಜಾಕ್ಕೆ ಒಪ್ಪಿಗೆ ನೀಡಿದರು. ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಅಂಗಡಿಗಳು ತೆರೆದವು. ಪರಿಣಾಮ ಕಣ್ಣಿಗೆ ಕಂಡಿತು. 2013ರಲ್ಲಿ ಅಮೆರಿಕದ ಗಡಿ ಕಾವಲು ಪಡೆ ಸುಮಾರು 11 ಲಕ್ಷ ಕಿಲೊ ಗಾಂಜಾ ಹಿಡಿದಿತ್ತು; 2019ರಲ್ಲಿ ಸಿಕ್ಕಿದ್ದು ಸುಮಾರು 1.2 ಲಕ್ಷ ಕಿಲೊ. ಔಷಧಿಗಾಗಿ ಗಾಂಜಾ ಬಳಸಲು ಅನುಮತಿ ಕೊಟ್ಟ ಅಮೆರಿಕದ ಗಡಿ ರಾಜ್ಯಗಳಲ್ಲಿ ಹಿಂಸಾ ಅಪರಾಧ ಶೇ 13ರಷ್ಟು ಇಳಿಯಿತೆಂದು ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನವೂ ಹೇಳಿತು.

ಆದರೆ ಅದು ಗಡಿಯ ಉತ್ತರದ ಮಾತು. ದಕ್ಷಿಣದಲ್ಲಿ, 2014ರಲ್ಲಿ 20 ಸಾವಿರದಷ್ಟಿದ್ದ ಮೆಕ್ಸಿಕೊದ ಕೊಲೆಗಳು 2018ರಲ್ಲಿ 36 ಸಾವಿರ ದಾಟಿದವು.

ಹೀಗೇಕೆ? ಮಾದಕವಸ್ತು ರಫ್ತಿನಿಂದ ಕೂಟಗಳಿಗೆ ಬರುವ ಆದಾಯದಲ್ಲಿ ಗಾಂಜಾದ ಪಾಲು ಶೇ 15ರಿಂದ 26 ಮಾತ್ರ ಎಂದು ಅಮೆರಿಕದ ರ್‍ಯಾಂಡ್ ಸಂಸ್ಥೆ 2010ರಲ್ಲೇ ಅಂದಾಜಿಸಿತ್ತು. ಉಳಿದದ್ದು ಕೊಕೇನ್, ಹೆರಾಯಿನ್, ಮೆಥ್‌ಗಳದ್ದು. ಮೇಲಾಗಿ, ಕೂಟಗಳ ನಿಜವಾದ ಬಂಡವಾಳ ಗಾಂಜಾ ಅಲ್ಲ, ಭಯ. ಅದನ್ನು ಯಾವ ಸರಕಿನ ಮೇಲಾದರೂ ಹೂಡಬಹುದು. ಮಿಚೊವಾಕಾನ್ ರಾಜ್ಯದಲ್ಲಿ ಅದು ಬೆಣ್ಣೆಹಣ್ಣಿನ ತೋಟಗಳ ಮೇಲೆ ಬಿತ್ತು. ಅಮೆರಿಕದ ಊಟದ ಮೇಜಿಗೆ ಹೋಗುವ ಅವೊಕಾಡೊ ಇದೇ. ಬೆಳೆಗಾರರಿಂದ, ಹಣ್ಣು ಪ್ಯಾಕ್ ಮಾಡುವವರಿಂದ ಮಾಮೂಲಿ ವಸೂಲಿ. ಕೊಡದಿದ್ದರೆ ಅಪಹರಣ, ಕೊಲೆ. ಅವೊಕಾಡೊ ಎಂದೂ ನಿಷೇಧಿತ ಬೆಳೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಬೆಟ್ಟದ ರೈತರ ಕಥೆ ಇನ್ನೂ ಕಷ್ಟದ್ದು. ಗಾಂಜಾ ಬೆಲೆ ಕುಸಿದಾಗ ಹಲವರು ಅಫೀಮಿನತ್ತ ಹೊರಳಿದರು. ಅಷ್ಟರಲ್ಲಿ ಫೆಂಟನಿಲ್ ಬಂತು. ಅದಕ್ಕೆ ಹೊಲ ಬೇಡ, ಮಳೆ ಬೇಡ. ಚೀನಾದಿಂದ ಬರುವ ರಾಸಾಯನಿಕಗಳು ಮತ್ತು ಒಂದು ಕೋಣೆ ಸಾಕು. ಅಫೀಮಿನ ಬೆಲೆಯೂ ನೆಲ ಕಚ್ಚಿತು.

ಸ್ವಂತ ಬಳಕೆಗೆ ಗಾಂಜಾ ನಿಷೇಧಿಸುವುದು ಸಂವಿಧಾನಬಾಹಿರ ಎಂದು ಮೆಕ್ಸಿಕೊದ ಸುಪ್ರೀಂ ಕೋರ್ಟ್ 2021ರಲ್ಲಿ ಸಾರಿತು. ಮಾರಾಟಕ್ಕೆ ಕಾನೂನು ರೂಪಿಸಬೇಕಿದ್ದ ಅಲ್ಲಿನ ಸಂಸತ್ತು ಅದಾಗಲೇ ಗಡುವಿನ ಮೇಲೆ ಗಡುವು ದಾಟಿಸಿತ್ತು. ಸಿನಲೋವಾದ ರಾಜಧಾನಿ ಕುಲಿಯಾಕಾನ್‌ನಲ್ಲಿ 2024ರ ಸೆಪ್ಟೆಂಬರಿನಲ್ಲಿ ಒಂದೇ ಕೂಟದ ಎರಡು ಬಣಗಳು ಕಾದಾಟಕ್ಕಿಳಿದವು. ಜಗಳ ಒಬ್ಬ ನಾಯಕನನ್ನು ಅಮೆರಿಕಕ್ಕೆ ಒಪ್ಪಿಸಿದ ದ್ರೋಹದ ಬಗ್ಗೆ ಇತ್ತು, ಗಾಂಜಾದ ಬಗ್ಗೆ ಅಲ್ಲ.