'ಮೆಸೊಪೊಟೇಮಿಯನ್' ಪದದ ಅರ್ಥ ಮತ್ತು ನೀರಾವರಿ ರೈತರಿಗೆ ಅದರ ಪಾಠ

ಮಕ್ಕಳ ಚರಿತ್ರೆಯ ಪುಸ್ತಕಗಳಲ್ಲಿ 'ಮೆಸೊಪೊಟೇಮಿಯನ್ ನಾಗರಿಕತೆ' ಎಂಬ ಪಾಠವನ್ನು ರೈತ ಬಾಂಧವರು ನೋಡಿರಬಹುದು. ಪದ ಉಚ್ಚರಿಸಲು ಕಷ್ಟವಾದರೂ ಅದರ ಅರ್ಥ ನಮಗೆ ಹೊಸದೇನಲ್ಲ.

ಪದದ ಅರ್ಥ

ಗ್ರೀಕ್ ಭಾಷೆಯಲ್ಲಿ 'ಮೆಸೊಸ್' ಎಂದರೆ ನಡು, 'ಪೊಟಮೊಸ್' ಎಂದರೆ ನದಿ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ನಾಡೇ ಮೆಸೊಪೊಟೇಮಿಯ. ಇಂದಿನ ಇರಾಕಿನ ಬಹುಭಾಗ ಹಾಗೂ ಸಿರಿಯ, ತುರ್ಕಿಗಳ ಕೆಲವು ಭಾಗಗಳು ಇದರಲ್ಲಿ ಸೇರುತ್ತವೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯನ್ನು ನಮ್ಮ ಶಾಸನಗಳು 'ಎಡೆದೊರೆ' ಎಂದು ಕರೆದಿವೆ. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಎರಡು ಪದಗಳ ಅರ್ಥವೂ ಒಂದೇ.

ಪದದ ಬಳಕೆ

ಇದು ನಾಡಿನ ಹೆಸರೇ ಹೊರತು ಒಂದು ಜನಾಂಗದ ಅಥವಾ ಭಾಷೆಯ ಹೆಸರಲ್ಲ. ಸುಮೇರಿಯನ್ನರು, ಅಕ್ಕಾಡಿಯನ್ನರು, ಬ್ಯಾಬಿಲೋನಿಯನ್ನರು, ಅಸ್ಸೀರಿಯನ್ನರು ಎಲ್ಲರೂ ಮೆಸೊಪೊಟೇಮಿಯನ್ನರೇ. 1914-18ರ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಈ ಪ್ರದೇಶವನ್ನು ಇದೇ ಹೆಸರಿನಿಂದ ಕರೆಯುತ್ತಿದ್ದರು. 1921ರಲ್ಲಿ ಇರಾಕ್ ರಾಜ್ಯ ಸ್ಥಾಪನೆಯಾಯಿತು. ಈಗ ಈ ಪದವನ್ನು ಹೆಚ್ಚಾಗಿ ಪ್ರಾಚೀನ ಕಾಲದ ಸಂಗತಿಗಳಿಗೆ ಬಳಸಲಾಗುತ್ತದೆ.

ಅಲ್ಲಿನ ಬೇಸಾಯ

ದಕ್ಷಿಣ ಮೆಸೊಪೊಟೇಮಿಯದಲ್ಲಿ ಮಳೆ ತೀರ ಕಡಿಮೆ. ಕಾಲುವೆ ನೀರಿನಿಂದಲೇ ಗೋಧಿ, ಜವೆಗೋಧಿ, ಖರ್ಜೂರ, ಈರುಳ್ಳಿ ಬೆಳೆಯುತ್ತಿದ್ದರು. ಉಳುವಾಗಲೇ ಬೀಜ ಬೀಳುವಂತೆ ನಮ್ಮ ಕೂರಿಗೆಯಂತಹ ಕೊಳವೆಯನ್ನು ನೇಗಿಲಿಗೆ ಜೋಡಿಸುತ್ತಿದ್ದರು. ಕ್ರಿ.ಪೂ. 18ನೇ ಶತಮಾನದ ಹಮ್ಮುರಾಬಿ ದೊರೆಯ ಶಾಸನದ ಪ್ರಕಾರ, ತನ್ನ ಬದುವನ್ನು ಅಲಕ್ಷಿಸಿ ಪಕ್ಕದವನ ಹೊಲಕ್ಕೆ ನೀರು ನುಗ್ಗಿಸಿದವನು ನಷ್ಟವನ್ನು ಧಾನ್ಯದ ರೂಪದಲ್ಲಿ ತುಂಬಿಕೊಡಬೇಕಿತ್ತು.

ಆದರೆ ಸಮತಟ್ಟಾದ ಆ ನೆಲದಲ್ಲಿ ಹೆಚ್ಚಾದ ನೀರು ಬಸಿದು ಹೋಗುತ್ತಿರಲಿಲ್ಲ. ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಲವಣ ಮೇಲ್ಮಣ್ಣಿನಲ್ಲಿ ಉಳಿಯುತ್ತಿತ್ತು. ಜೇಕಬ್‌ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಕ್ರಿ.ಪೂ. 3500ರ ಸುಮಾರಿಗೆ ದಕ್ಷಿಣದಲ್ಲಿ ಗೋಧಿ ಮತ್ತು ಜವೆಗೋಧಿ ಹೆಚ್ಚುಕಡಿಮೆ ಸಮವಾಗಿದ್ದವು, ಕ್ರಿ.ಪೂ. 1700ರ ವೇಳೆಗೆ ಗೋಧಿ ಅಲ್ಲಿಂದ ಮರೆಯಾಗಿತ್ತು. ಜವೆಗೋಧಿ ಲವಣವನ್ನು ಹೆಚ್ಚು ತಡೆದುಕೊಳ್ಳುತ್ತದೆ. ಹಾನಿಯ ಪ್ರಮಾಣದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಬಸಿಯುವ ದಾರಿಯಿಲ್ಲದ ನೀರಾವರಿಯಿಂದ ನೆಲ ಸವಳಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ.

ನಾವು ಮಾಡಬೇಕಾದ್ದು

ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿಯೂ ಸವಳು-ಜವಳಿನ ತೊಂದರೆ ಕಂಡುಬಂದಿದೆ. ಮಿತನೀರಾವರಿ ಬೆಳೆಗಳಿಗೆ ಗೊತ್ತುಪಡಿಸಿದ ಜಮೀನಿನಲ್ಲಿ ಭತ್ತ ಬೆಳೆಯುವುದು ಇದಕ್ಕೆ ಒಂದು ಮುಖ್ಯ ಕಾರಣ. ಆದ್ದರಿಂದ ರೈತರು ಈ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ಬೆಳೆಗೆ ಬೇಕಾದಷ್ಟೇ ನೀರು ಹಾಯಿಸಿ. ಭೂಮಿಯನ್ನು ಸಮ ಮಾಡಿಕೊಳ್ಳಿ.

2. ಬಸಿಗಾಲುವೆ ತೆಗೆಯಿರಿ, ಹೂಳು, ಕಳೆ ತುಂಬದಂತೆ ನೋಡಿಕೊಳ್ಳಿ. ನೆರೆಹೊರೆಯವರು ಕೂಡಿ ಮಾಡಿದರೆ ಮಾತ್ರ ಪೂರ್ಣ ಪ್ರಯೋಜನ.

3. ಹೊಲದಲ್ಲಿ ಬಿಳಿ ಲವಣ ಕಂಡ ಕೂಡಲೇ ಮಣ್ಣು ಪರೀಕ್ಷೆ ಮಾಡಿಸಿ. ಸವಳು ಭೂಮಿಗೆ ಒಳ್ಳೆಯ ನೀರು ನಿಲ್ಲಿಸಿ ಲವಣವನ್ನು ಬಸಿದು ಹೊರಹಾಕಬೇಕು. ಕ್ಷಾರ ಭೂಮಿಗೆ ಜಿಪ್ಸಂ ಬೇಕಾಗುತ್ತದೆ. ಎರಡಕ್ಕೂ ಒಂದೇ ಮದ್ದಲ್ಲ.

4. ಡಯಾಂಚ ಬೆಳೆದು ಹಸಿರೆಲೆ ಗೊಬ್ಬರವಾಗಿ ಮಣ್ಣಿಗೆ ಸೇರಿಸಿ.

ಎರಡು ಹೊಳೆಗಳ ನಡುವಿನ ನಾಡಿಗೂ ನೀರು ತರುವ ಕಾಲುವೆಯೊಂದೇ ಸಾಲದು. ನೀರು ಬಸಿಯುವ ಕಾಲುವೆಯೂ ಅಷ್ಟೇ ಅಗತ್ಯ.