ಹೊರತೆಗೆದ ಮೇಲೂ 1 ಉಳಿಯುವುದೇಕೆ?

ಪ್ರಶ್ನೆ: ಮಗಳು 8ನೇ ತರಗತಿ. 12ಕ² + 4ಕ ಲೆಕ್ಕದಲ್ಲಿ 4ಕ ಹೊರತೆಗೆದರೆ ಎರಡನೇ ಪದ ಪೂರ್ತಿ ಹೋಯಿತಲ್ಲ, ಆವರಣದೊಳಗೆ 1 ಎಲ್ಲಿಂದ ಬಂತು?
– ಓದುಗರು, ತುಮಕೂರು

ಉತ್ತರ: ಇಲ್ಲಿ ನಡೆಯುವುದು ವ್ಯವಕಲನವಲ್ಲ, ಭಾಗಾಕಾರ. 4ಕ ಅನ್ನು 4ಕದಿಂದಲೇ ಭಾಗಿಸಿದರೆ ಸಿಗುವುದು 1, ಸೊನ್ನೆಯಲ್ಲ. ಹಾಗಾಗಿ ಉತ್ತರ 4ಕ(3ಕ + 1).

ಗುಬ್ಬಿಯಲ್ಲಿ 12 ತೆಂಗಿನಕಾಯಿ, ಕುಣಿಗಲ್‌ನಲ್ಲಿ ಒಂದೇ ಒಂದು ಮಾರಿದಿರಿ ಅನ್ನಿ. ಎರಡೂ ಕಡೆ ಕಾಯಿಗೆ ಬ ರೂಪಾಯಿ. ಕೈಗೆ ಬಂದದ್ದು 12ಬ + ಬ, ಅಂದರೆ ಬ(12 + 1). ಆ 1 ಬಿಟ್ಟರೆ ಕುಣಿಗಲ್ ಕಾಯಿ ಪುಕ್ಕಟೆ ಹೋದಂತೆ!

ಅನುಮಾನವಿದ್ದರೆ ಕ ಬದಲು 2 ಹಾಕಿ ನೋಡಿ: 48 + 8 = 56; ಇತ್ತ 8 × 7 = 56. 1 ಬರೆಯದಿದ್ದರೆ 48ಕ್ಕೇ ನಿಲ್ಲುತ್ತದೆ.

ಬರೀ 4 ಹೊರತೆಗೆದು 4(3ಕ² + ಕ) ಎಂದರೆ ಬೆಲೆಯೇನೋ ಅಷ್ಟೇ, ಆದರೆ ಕೆಲಸ ಅರ್ಧ. ಒಳಗೆ ಕ ಇನ್ನೂ ಸಾಮಾನ್ಯ ಅಪವರ್ತನವಾಗಿ ಕೂತಿದೆ.