ಟೈರ್ ದೀಪ ಆರಿದ ಮಾತ್ರಕ್ಕೆ ಗಾಳಿ ಸರಿ ಇದೆ ಅಂತಲ್ಲ

ಈ ವಾರದ ವಿಷಯ ನನಗೆ ಸಿಕ್ಕಿದ್ದು ಹಾಸನದ ದಾರಿಯಲ್ಲಿ. ಸೋದರಮಾವನ ಕಾರು, ಒಳಗೆ ಐದು ಜನ, ಡಿಕ್ಕಿ ತುಂಬ ಗೃಹಪ್ರವೇಶದ ಸಾಮಾನು. ನೆಲಮಂಗಲ ದಾಟುತ್ತಿದ್ದ ಹಾಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬಂತು. ತಳ ಚಪ್ಪಟೆಯಾದ ಲಾಳದಂಥ ಚಿತ್ರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ರಸ್ತೆ ಬದಿಯ ಟೈರ್ ಅಂಗಡಿಯಲ್ಲಿ ನಿಲ್ಲಿಸಿದ್ವಿ. ಅಲ್ಲಿದ್ದ ಹುಡುಗ ನಾಲ್ಕೂ ಟೈರಿಗೆ ಒಂದೊಂದು ಒದೆ ಕೊಟ್ಟ, ಕಾರಿನೊಳಗೆ ಕೈ ಹಾಕಿ ಒಂದು ಬಟನ್ ಒತ್ತಿ ಹಿಡಿದ, ದೀಪ ಆರಿತು. 'ಸೆನ್ಸರ್ ಪ್ರಾಬ್ಲಮ್ ಸರ್, ಸರಿ ಆಯ್ತು' ಅಂದ. ನಮಗೂ ಅದೇ ಬೇಕಿತ್ತು, ಹೊರಟ್ವಿ.

ಕುಣಿಗಲ್‌ನಲ್ಲಿ ಕಾಫಿಗೆ ಇಳಿದಾಗಲೂ ಮಾವನಿಗೆ ಸಮಾಧಾನ ಇರಲಿಲ್ಲ. ಡಿಕ್ಕಿಯಿಂದ ಹಳೇ ಗೇಜ್ ಹುಡುಕಿ ತೆಗೆದು ಒತ್ತಿ ನೋಡಿದ್ರು. ಮೂರು ಟೈರುಗಳಲ್ಲಿ 35, 36 ಪಿಎಸ್‌ಐ. ಹಿಂದಿನ ಎಡಗಡೆಯದರಲ್ಲಿ 22. ದೀಪ ಮಾತ್ರ ಆರಿಯೇ ಇತ್ತು.

'ಕಾರಿಗೆ ಗೊತ್ತಾಗಲಿಲ್ವಾ ಮಾವ?' ಅಂದೆ. 'ಗೊತ್ತಾಗಿತ್ತು ಕಣೋ, ನಾವೇ ಸುಮ್ನಿರು ಅಂದ್ವಿ' ಅಂದ್ರು.

ಆ ಮಾತು ಎಷ್ಟು ನಿಜ ಅನ್ನೋದು ಊರಿಂದ ವಾಪಸ್ ಬಂದು ಓದಿದ ಮೇಲೆ ಅರ್ಥ ಆಯ್ತು. ನಾನು ಬಿಕಾಂ ಓದಿದವನು, ಫಿಸಿಕ್ಸ್ ಜೊತೆ ಸಂಬಂಧ ಹತ್ತನೇ ಕ್ಲಾಸಿಗೇ ಮುಗೀತು. ಆದರೆ ಈ ವ್ಯವಸ್ಥೆ ಅರ್ಥ ಮಾಡಿಕೊಳ್ಳೋಕೆ ಅಕೌಂಟ್ಸೇ ಜಾಸ್ತಿ ಸಹಾಯಕ್ಕೆ ಬಂತು.

ಟೈರ್ ಪ್ರೆಷರ್ ಮಾನಿಟರಿಂಗ್ ಸಿಸ್ಟಂ, ಅಂದ್ರೆ ಟಿಪಿಎಂಎಸ್, ಎರಡು ಜಾತಿಯದು. ಮೊದಲನೆಯದು ನೇರ. ಪ್ರತಿ ಚಕ್ರದಲ್ಲೂ ಟೈರಿನ ಒಳಗೆ, ಸಾಮಾನ್ಯವಾಗಿ ವಾಲ್ವಿನ ಬುಡಕ್ಕೆ ಅಂಟಿಕೊಂಡ ಹಾಗೆ, ಒಂದು ಪುಟ್ಟ ಸೆನ್ಸರ್ ಇರುತ್ತೆ. ಒಳಗಿನ ಗಾಳಿಯ ಒತ್ತಡವನ್ನೂ ಬಿಸಿಯನ್ನೂ ಅಳೆದು ರೇಡಿಯೋ ಮೂಲಕ ಕಾರಿನ ಕಂಪ್ಯೂಟರ್‌ಗೆ ಕಳಿಸುತ್ತೆ. ಚಕ್ರಕ್ಕೆ ವೈರ್ ಎಳೆಯೋಕಾಗಲ್ಲ, ತಿರುಗುತ್ತಲ್ಲ! ಹಾಗಾಗಿ ಒಳಗೇ ಒಂದು ಲಿಥಿಯಂ ಬ್ಯಾಟರಿ. ಆ ಬ್ಯಾಟರಿ ವರ್ಷಗಟ್ಟಲೆ ಬರಬೇಕು, ಅದಕ್ಕೇ ಸೆನ್ಸರ್ ಬಹಳ ಜಿಪುಣ. ಕಾರು ನಿಂತಾಗ ಹೆಚ್ಚುಕಮ್ಮಿ ನಿದ್ದೆ. ಚಕ್ರ ತಿರುಗೋದು ಗೊತ್ತಾದ ಮೇಲೆ ಸುಮಾರು ನಿಮಿಷಕ್ಕೊಮ್ಮೆ ಒಂದು ಸಂದೇಶ. ಗಾಳಿ ಬೇಗ ಇಳೀತಾ ಇದ್ರೆ ಮಾತ್ರ ಕಾಯದೆ ತಕ್ಷಣ ಹೇಳುತ್ತೆ. ಐದರಿಂದ ಹತ್ತು ವರ್ಷಕ್ಕೆ ಬ್ಯಾಟರಿ ಮುಗಿದರೆ ಸಾಮಾನ್ಯವಾಗಿ ಸೆನ್ಸರನ್ನೇ ಬದಲಿಸಬೇಕು.

ಎರಡನೆಯದು ಪರೋಕ್ಷ. ಇದರಲ್ಲಿ ಗಾಳಿಯನ್ನು ಯಾರೂ ಅಳೆಯೋದೇ ಇಲ್ಲ. ಎಬಿಎಸ್ ಬ್ರೇಕಿಗೆ ಅಂತ ಪ್ರತಿ ಚಕ್ರದ ವೇಗ ನೋಡುವ ಸೆನ್ಸರ್ ಹೇಗೂ ಇರುತ್ತೆ. ಗಾಳಿ ಕಡಿಮೆಯಾದ ಟೈರ್ ಸ್ವಲ್ಪ ಕುಸಿಯುತ್ತೆ, ಅದರ ಸುತ್ತಳತೆ ಸಣ್ಣದಾದಂತೆ ಆಗುತ್ತೆ. ಹಾಗಾಗಿ ಅದೇ ದೂರಕ್ಕೆ ಉಳಿದ ಮೂರಕ್ಕಿಂತ ಒಂಚೂರು ಜಾಸ್ತಿ ಸುತ್ತಬೇಕು. ವ್ಯತ್ಯಾಸ ಶೇಕಡಾ ಒಂದಕ್ಕಿಂತಲೂ ಕಡಿಮೆ. ತಿರುವಿನಲ್ಲಂತೂ ಹೊರಗಿನ ಚಕ್ರ ಹೇಗೂ ಜಾಸ್ತಿ ಸುತ್ತುತ್ತೆ. ಅದಕ್ಕೇ ಕಂಪ್ಯೂಟರ್ ಒಂದಷ್ಟು ಹೊತ್ತು ಲೆಕ್ಕ ಹಾಕಿ, ಖಾತ್ರಿಯಾದ ಮೇಲೆ ದೀಪ ಹಚ್ಚುತ್ತೆ. ಹೊಸ ಕಾರುಗಳಲ್ಲಿ ಚಕ್ರದ ಸಣ್ಣ ಕಂಪನಗಳನ್ನೂ ನೋಡ್ತಾರೆ.

ಕಾಮರ್ಸ್ ಓದಿದವರಿಗೆ ಇದು ಥಟ್ ಅಂತ ಹೊಳೆಯುತ್ತೆ. ಇದು ಟ್ರಯಲ್ ಬ್ಯಾಲೆನ್ಸ್! ಎರಡೂ ಕಡೆ ಟ್ಯಾಲಿ ಆದ್ರೆ ಲೆಕ್ಕ ಸರಿ ಇದೆ ಅಂತಲ್ಲ, ಎರಡೂ ಕಡೆ ಒಂದೇ ಥರ ತಪ್ಪಿರಬಹುದು. ತಿಂಗಳುಗಟ್ಟಲೆ ಗಾಳಿ ಹೊಡಿಸದೆ ನಾಲ್ಕೂ ಟೈರ್ ಸಮನಾಗಿ ಇಳಿದಿದ್ರೆ, ಬರೀ ಹೋಲಿಸಿ ನೋಡುವ ವ್ಯವಸ್ಥೆಗೆ ವ್ಯತ್ಯಾಸವೇ ಕಾಣಲ್ಲ. ಟೈರಿನಿಂದ ತಿಂಗಳಿಗೆ ಒಂದೆರಡು ಪಿಎಸ್‌ಐ ಪಂಕ್ಚರ್ ಇಲ್ಲದೆಯೂ ಇಳಿಯೋದು ಸಹಜ.

ಈಗ ಆ ಬಟನ್ ವಿಷಯ. ಪರೋಕ್ಷ ವ್ಯವಸ್ಥೆಗೆ ಸರಿಯಾದ ಗಾಳಿ ಎಷ್ಟು ಅಂತ ತಾನಾಗಿ ಗೊತ್ತಿಲ್ಲ. ನಾವು ಗಾಳಿ ಸರಿಮಾಡಿ ರಿಸೆಟ್ ಒತ್ತಿದಾಗ, 'ಇಲ್ಲಿಂದ ಇದೇ ಸರಿ' ಅಂತ ಕಲಿಯುತ್ತೆ. ಗಾಳಿ ತುಂಬಿಸದೆ ಒತ್ತಿದ್ರೆ? ಕಡಿಮೆ ಇರೋದನ್ನೇ ಸರಿ ಅಂತ ಕಲಿಯುತ್ತೆ. ಓಪನಿಂಗ್ ಬ್ಯಾಲೆನ್ಸೇ ತಪ್ಪು ಬರೆದುಕೊಂಡ ಹಾಗೆ. ನೆಲಮಂಗಲದಲ್ಲಿ ನಾವು ಮಾಡಿಸಿದ್ದು ಅದನ್ನೇ.

ನಿಮ್ಮ ಕಾರಿನದು ಯಾವ ಜಾತಿ ಅಂತ ತಿಳಿಯೋದು ಸುಲಭ. ಸ್ಕ್ರೀನಿನಲ್ಲಿ ಒಂದೊಂದು ಟೈರಿನ ಪಿಎಸ್‌ಐ ಬರುತ್ತಾ? ಹಾಗಾದ್ರೆ ನೇರ. ಬರೀ ದೀಪ ಮತ್ತು ರಿಸೆಟ್ ಬಟನ್ ಇದ್ರೆ ಸಾಮಾನ್ಯವಾಗಿ ಪರೋಕ್ಷ.

ನೇರದ್ದು ಇದ್ದವರು ನಿಶ್ಚಿಂತೆ ಅಂದ್ಕೋಬೇಡಿ. ದೀಪ ಎಷ್ಟಕ್ಕೆ ಹತ್ತುತ್ತೆ ಅನ್ನೋದು ಅದಕ್ಕಿಂತ ಮುಖ್ಯ. ಇದಕ್ಕೊಂದು ಹಿನ್ನೆಲೆ ಇದೆ. 2000ದಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಳ್ತು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಓಡುವಾಗಲೇ ಟೈರಿನ ಮೇಲ್ಪದರ ಕಿತ್ತು ಬಂದು ಗಾಡಿ ಮಗುಚಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ರು. ಆ ಗಾಡಿಗೆ ಫೋರ್ಡ್ ಹೇಳಿದ್ದ ಗಾಳಿ 26 ಪಿಎಸ್‌ಐ, ಅದು ಕಮ್ಮಿಯಾಯ್ತು ಅಂತ ಫೈರ್‌ಸ್ಟೋನ್, ಟೈರೇ ಸರಿ ಇಲ್ಲ ಅಂತ ಫೋರ್ಡ್. ಅದೇ ವರ್ಷ ಅಲ್ಲಿ ಟ್ರೆಡ್ ಅನ್ನೋ ಕಾಯ್ದೆ ಬಂತು. ಅದರ ಫಲವಾಗಿ 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರಿಗೂ ಟಿಪಿಎಂಎಸ್ ಕಡ್ಡಾಯ ಆಯ್ತು.

ಆ ನಿಯಮದ ಪ್ರಕಾರ, ಕಂಪನಿ ಹೇಳಿದ್ದಕ್ಕಿಂತ ಶೇಕಡಾ 25 ಇಳಿದಾಗ ದೀಪ ಹತ್ತಿದರೆ ಸಾಕು. 33 ಇರಬೇಕಾದ ಟೈರ್ ಸುಮಾರು 25ಕ್ಕೆ ಬರೋ ತನಕ! ನಮ್ಮ ಬ್ಯಾಂಕಿನ ಮಿನಿಮಮ್ ಬ್ಯಾಲೆನ್ಸ್ ಮೆಸೇಜ್ ನೆನಪಿಸಿಕೊಳ್ಳಿ. ಮೆಸೇಜ್ ಬಂದಿಲ್ಲ ಅಂದ್ರೆ ದುಡ್ಡು ಬೇಕಾದಷ್ಟಿದೆ ಅಂತಲ್ಲ. 33ರ ಬದಲು 27 ಇದ್ದರೂ ದೀಪ ಬಾಯಿ ಬಿಡದೇ ಇರಬಹುದು. ಆದರೆ ಟೈರಿಗೆ ಆ ಆರು ಪಿಎಸ್‌ಐ ಸಣ್ಣದಲ್ಲ. ಗಾಳಿ ಕಮ್ಮಿ ಇದ್ದಷ್ಟೂ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿ ಬಿಚ್ಚುತ್ತೆ, ಬಿಸಿ ಏರುತ್ತೆ. ಐದು ಜನ, ಲಗೇಜು, ಬೇಸಿಗೆ, ಹೈವೇ ವೇಗ ಸೇರಿದ್ರೆ ಒಳಗಿನ ಪದರಗಳು ಬಿಟ್ಟುಕೊಳ್ಳೋದು ಹೀಗೇ.

ಬಿಸಿಯ ಇನ್ನೊಂದು ಆಟ ಇದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿಳಿದ್ರೆ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ವ್ಯತ್ಯಾಸ. ಡಿಸೆಂಬರ್‌ನಲ್ಲಿ ಮಡಿಕೇರಿಯ ಬೆಳಗಿನ ಚಳಿಗೆ ದೀಪ ಹತ್ತಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ಆರಿದ್ರೆ ಸೆನ್ಸರ್ ಕೆಟ್ಟಿದೆ ಅಂದ್ಕೋಬೇಡಿ. ಗಾಳಿ ಅಂಚಿನಲ್ಲಿದೆ ಅಂತ ಅರ್ಥ. ಹಾಗೇ, ಹೈವೇ ಓಡಿ ಬಂದ ಬಿಸಿ ಟೈರ್ 36 ತೋರಿಸ್ತು ಅಂತ ಬಂಕಿನಲ್ಲಿ ಗಾಳಿ ಬಿಡಿಸಿ 32ಕ್ಕೆ ಇಳಿಸಿದ್ರೆ, ಮಾರನೇ ಬೆಳಿಗ್ಗೆ ಅದು 28ರ ಹತ್ತಿರ ಇರುತ್ತೆ. ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ಮೇಲಿರೋದು ತಣ್ಣಗಿನ ಟೈರಿನ ಲೆಕ್ಕ. ಲೋಡ್ ಇದ್ದಾಗ ಎಷ್ಟು ಅನ್ನೋದೂ ಅಲ್ಲೇ ಇರುತ್ತೆ, ನಾವು ಯಾರೂ ನೋಡಿರಲ್ಲ ಅಷ್ಟೇ.

ದೀಪ ಮೊದಲು ಒಂದು ನಿಮಿಷದಷ್ಟು ಮಿಣಮಿಣ ಅಂದು ಆಮೇಲೆ ಹಾಗೇ ಉಳಿದ್ರೆ, ಅದು ಸಾಮಾನ್ಯವಾಗಿ ವ್ಯವಸ್ಥೆಯದೇ ದೋಷ. ನಮ್ಮ ದೀಪ ಮಿಣುಕಿರಲಿಲ್ಲ, ನೇರವಾಗಿ ಹತ್ತಿತ್ತು. ಗೊತ್ತಿದ್ದಿದ್ರೆ 'ಸೆನ್ಸರ್ ಪ್ರಾಬ್ಲಮ್' ಅಂದಾಗ ಒಂದು ಪ್ರಶ್ನೆ ಆದ್ರೂ ಕೇಳಬಹುದಿತ್ತು.

ಇದೆಲ್ಲ ಈಗ ಯಾಕೆ ಮುಖ್ಯ ಅಂದ್ರೆ, 2020ರಲ್ಲಿ ನಮ್ಮ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ತಿದ್ದಿದೆ. ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್ ಮತ್ತು ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕೊಡಲೇಬೇಕು ಅಂತಿಲ್ಲ. ಅಂದ್ರೆ ಹೊಸ ಕಾರು ತಗೊಂಡ ಕೆಲವರಿಗೆ ಈ ದೀಪವೇ ಅರ್ಧ ಸ್ಟೆಪ್ನಿ. ಕಿಟ್‌ನ ಅಂಟು ದ್ರವ ಮೊಳೆಯ ತೂತಿಗೆ ಆಗುತ್ತೆ, ಟೈರಿನ ಪಕ್ಕೆ ಹರಿದ್ರೆ ಆಗಲ್ಲ. ಅದನ್ನು ಬಳಸಿದ್ರೆ ಪಂಕ್ಚರ್ ಅಂಗಡಿಯವರಿಗೆ ಹೇಳಿ, ಒಳಗಿನ ಸೆನ್ಸರ್ ಮೇಲೆ ಅಂಟಿಕೊಂಡಿರುತ್ತೆ, ಒರೆಸಬೇಕು. ಟೈರ್ ಬಿಚ್ಚುವಾಗ ವಾಲ್ವ್ ಹತ್ತಿರ ಲಿವರ್ ಹಾಕಬೇಡಿ ಅಂತಲೂ ಹೇಳಿ.

ನಮ್ಮ ಟೈರಿನಲ್ಲಿ ಇದ್ದಿದ್ದು ಒಂದಿಂಚಿನ ಮೊಳೆ. ಕುಣಿಗಲ್‌ನಲ್ಲೇ ತೆಗೆಸಿ, ಗಾಳಿ ಹೊಡಿಸಿ, ಮಾವನೇ ಗೇಜ್ ಇಟ್ಟು ನೋಡಿ, ಆಮೇಲೆ ಬಟನ್ ಒತ್ತಿದ್ರು. ಗೃಹಪ್ರವೇಶಕ್ಕೆ ತಡವಾಗಿ ಹೋದ್ವಿ, ಪಾಯಸ ಮಾತ್ರ ಉಳಿದಿತ್ತು. ಮುಂದಿನ ವಾರ ಸಿಗೋಣ.